ತಂತಿ, ತಾಮ್ರ, ಮೇಣ



ನಿಮ್ಮ ಮನೆಯಲ್ಲಿ ಹಳೆಯ ರೇಡಿಯೊ ಇದ್ದರೆ ಅದರ ಮುಖದ ಮೇಲೆ ಎರಡೋ ಮೂರೋ ಗುಂಡಿಗಳಿರುತ್ತವೆ. ಒಂದು ಸ್ಟೇಷನ್ ಹಿಡಿಯುವುದಕ್ಕೆ, ಇನ್ನೊಂದು ಸದ್ದು ಏರಿಸಿ ಇಳಿಸುವುದಕ್ಕೆ. ಮೂರನೆಯದೊಂದಿದ್ದರೆ ಅದರ ಕೆಳಗೆ ‘ಟೋನ್’ ಎಂದು ಬರೆದಿರುತ್ತದೆ. ನನ್ನ ಮಾತನ್ನು ಅದರಲ್ಲಿ ಕೇಳುತ್ತಿದ್ದರೆ ಈಗ ಆ ಗುಂಡಿಯನ್ನು ಒಂದು ಕೊನೆಗೆ ತಿರುಗಿಸಿ. ನಾನು ಕಂಬಳಿ ಹೊದ್ದುಕೊಂಡು ಮಾತಾಡುತ್ತಿದ್ದೇನೆ ಅನ್ನಿಸುತ್ತದೆ. ಸಕಾರ ಶಕಾರಗಳ ಅಂಚು ಸವೆದುಹೋಗುತ್ತದೆ. ಇನ್ನೊಂದು ಕೊನೆಗೆ ತಿರುಗಿಸಿದರೆ ಅದೇ ಸಕಾರ ಹಲ್ಲುಸಂದಿಯಿಂದ ಸೀಟಿಯ ಹಾಗೆ ಬರುತ್ತದೆ. ನನ್ನ ಗಂಟಲು ಬದಲಾಗಿಲ್ಲ, ಮಾತೂ ಬದಲಾಗಿಲ್ಲ. ರೇಡಿಯೊ ಒಳಗೆ ಕಡಲೆಬೀಜದ ಗಾತ್ರದ ಒಂದು ಕೆಪಾಸಿಟರ್ ಇದೆ. ದನಿಯ ಚೂಪು ಭಾಗದಲ್ಲಿ ಎಷ್ಟನ್ನು ಮುಂದಕ್ಕೆ ಬಿಡಬೇಕು, ಎಷ್ಟನ್ನು ನೆಲಕ್ಕೆ ಹರಿಸಿಬಿಡಬೇಕು ಅನ್ನುವುದು ಅದರ ಕೈಯಲ್ಲಿದೆ.

ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯೊಳಗೂ ಇದೇ ಗುಂಡಿ ಇದೆ, ಇದೇ ಕೆಪಾಸಿಟರ್ ಇದೆ. ಇಪ್ಪತ್ತು ವರ್ಷಗಳಿಂದ ನಾನು ಬೆಂಗಳೂರಿನ ಒಂದು ಸಣ್ಣ ಕೋಣೆಯಲ್ಲಿ ಕೂತು ಗಿಟಾರು, ಬೇಸ್ ಗಿಟಾರುಗಳನ್ನು ಬಿಚ್ಚಿ ಜೋಡಿಸುತ್ತ ಬಂದಿದ್ದೇನೆ. ತಂದುಕೊಡುವವರಲ್ಲಿ ಹೆಚ್ಚಿನವರ ಬೇಡಿಕೆ ಒಂದೇ: ಇದರ ದನಿ ಬದಲಾಗಬೇಕು. ಯಾವುದನ್ನು ಮುಟ್ಟಿದರೆ ದನಿ ಬದಲಾಗುತ್ತದೆ, ಯಾವುದನ್ನು ಮುಟ್ಟಿದರೆ ಬರೀ ದುಡ್ಡು ಹೋಗುತ್ತದೆ ಅನ್ನುವುದನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತ ಬಂದಿದ್ದೇನೆ.

ರೇಡಿಯೊಗೂ ಗಿಟಾರಿಗೂ ಇನ್ನೊಂದು ನಂಟೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲರ್ಟನ್ ಅಂತ ಒಂದು ಊರು. ಅಲ್ಲಿ 1938ರಲ್ಲಿ ಲಿಯೊ ಫೆಂಡರ್ ಅನ್ನುವವರು ರೇಡಿಯೊ ರಿಪೇರಿ ಅಂಗಡಿ ತೆರೆದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಬೆಸುಗೆ ಹಾಕುವುದು, ಕೆಟ್ಟದ್ದನ್ನು ಹುಡುಕಿ ತೆಗೆಯುವುದು, ವಾದ್ಯಗಾರರು ಹೇಳಿದ್ದನ್ನು ತಾಳ್ಮೆಯಿಂದ ಕೇಳುವುದು. 1951ರಲ್ಲಿ ಟೆಲಿಕಾಸ್ಟರ್ ಗಿಟಾರು ಮತ್ತು ಪ್ರಿಸಿಷನ್ ಬೇಸ್, 1954ರಲ್ಲಿ ಸ್ಟ್ರಾಟೊಕಾಸ್ಟರ್, 1960ರಲ್ಲಿ ಜಾಝ್ ಬೇಸ್: ಇಂದಿಗೂ ಜಗತ್ತು ನುಡಿಸುತ್ತಿರುವ ನಾಲ್ಕು ವಾದ್ಯಗಳು ಅವರ ಕಾರ್ಖಾನೆಯಿಂದ ಹೊರಬಂದವು. ಅವುಗಳ ಕುತ್ತಿಗೆಯನ್ನು ಮೈಗೆ ಅಂಟಿಸಿಲ್ಲ, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಗುಂಡಿ, ಸ್ವಿಚ್ಚುಗಳನ್ನು ಒಂದು ಫಲಕಕ್ಕೆ ಜೋಡಿಸಿ, ಆ ಫಲಕವನ್ನೇ ಎತ್ತಿ ಹೊರತೆಗೆಯುವ ಹಾಗೆ ಮಾಡಿದ್ದಾರೆ. ಇದು ರಿಪೇರಿಯವನ ಬುದ್ಧಿ. ಯಾವ ಭಾಗವಾದರೂ ಒಂದು ದಿನ ಕೆಡುತ್ತದೆ, ಕೆಟ್ಟ ದಿನ ಸುಲಭವಾಗಿ ಕಳಚಿ ಬರಬೇಕು ಅಂತ ಮೊದಲೇ ಎಣಿಸಿದವನ ಬುದ್ಧಿ. ಆದ್ದರಿಂದ ಇಂಥ ಗಿಟಾರನ್ನು ಬಿಚ್ಚುವುದು ಅದಕ್ಕೆ ಮಾಡುವ ಅಪಚಾರ ಅಂತ ನಾನು ಯಾವತ್ತೂ ಭಾವಿಸಿಲ್ಲ. ಅದು ಬಿಚ್ಚಲೆಂದೇ ಹುಟ್ಟಿದ ವಾದ್ಯ.

ನಮ್ಮ ವೀಣೆಯೂ ಹಾಗೆಯೇ ತಾನೆ? ಹಿತ್ತಾಳೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು, ಗಿಟಾರಿನಲ್ಲಿ ಫ್ರೆಟ್ ಅನ್ನುವಂಥವನ್ನು, ಕಪ್ಪು ಮೇಣದ ಮೇಲೆ ಕೂರಿಸಿರುತ್ತಾರೆ. ಕಾಲ ಕಳೆದಂತೆ ಮೇಣ ಸಡಿಲವಾಗುತ್ತದೆ, ಶ್ರುತಿ ಆಚೀಚೆಯಾಗುತ್ತದೆ. ಆಗ ಮೇಳ ಕಟ್ಟುವವರನ್ನು ಕರೆಸಿ, ಮೇಣ ಕಾಯಿಸಿ, ಒಂದೊಂದೇ ಮೆಟ್ಟಿಲನ್ನು ಕಿವಿಗೆ ಒಪ್ಪುವ ಜಾಗದಲ್ಲಿ ಮತ್ತೆ ಕೂರಿಸುತ್ತಾರೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸರಿಸುವುದನ್ನು ನೋಡಿದ್ದೀರಲ್ಲ? ಅದನ್ನು ಜೀವಾಳ ಅನ್ನುತ್ತಾರೆ. ಕೂದಲಿನ ಅಗಲದಷ್ಟು ಸರಿದರೆ ಸಾಕು, ಸತ್ತಂತಿದ್ದ ತಂತಿ ಝೇಂಕರಿಸುತ್ತದೆ. ವಾದ್ಯದ ದನಿಯನ್ನು ತಿದ್ದುವುದು ಎಂದರೇನು ಅಂತ ನನಗೆ ಮೊದಲು ತಿಳಿದದ್ದು ಆ ನೂಲಿನಿಂದ. ಗಿಟಾರ್ ಆಮೇಲೆ ಬಂತು.

ಈಗ ಎಲೆಕ್ಟ್ರಿಕ್ ಗಿಟಾರಿನಲ್ಲಿ ದನಿ ಹುಟ್ಟುವ ಜಾಗಕ್ಕೆ ಹೋಗೋಣ. ಉಕ್ಕಿನ ತಂತಿ, ಅದರ ಕೆಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ತಾಮ್ರದ ಸುರುಳಿ. ಇದೇ ಪಿಕಪ್. ಅಯಸ್ಕಾಂತ ತನ್ನ ಮೇಲಿನ ತಂತಿಯ ತುಣುಕನ್ನೂ ಅಯಸ್ಕಾಂತವನ್ನಾಗಿ ಮಾಡುತ್ತದೆ. ತಂತಿ ಅಲುಗಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಸ್ಟ್ರಾಟೊಕಾಸ್ಟರಿನ ಒಂದು ಪಿಕಪ್ಪಿನಲ್ಲಿ ಸುಮಾರು ಎಂಟು ಸಾವಿರ ಸುತ್ತುಗಳಿರುತ್ತವೆ. ಆ ತಾಮ್ರದ ಎಳೆ ತಲೆಗೂದಲಿನಷ್ಟು ತೆಳು. ಬಿಚ್ಚಿ ಚಾಚಿದರೆ ಒಂದು ಕಿಲೋಮೀಟರಿಗಿಂತ ಉದ್ದವಾಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದವಿರುವ ಒಂದು ವಸ್ತುವಿನೊಳಗೆ ಒಂದು ಕಿಲೋಮೀಟರ್ ತಾಮ್ರ! ಮೊದಲ ಸಲ ಒಂದು ಹಳೆಯ ಪಿಕಪ್ಪಿನ ಸುರುಳಿ ಬಿಚ್ಚುತ್ತ ಹೋದಾಗ ಮೇಜಿನ ಮೇಲೆ ಗುಡ್ಡೆಯಾದ ಆ ಕೆಂಪು ಎಳೆಯನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಪಿಕಪ್ಪಿಗೆ ಗಾಳಿಯ ಸದ್ದು ಕೇಳಿಸುವುದಿಲ್ಲ. ಮೈಕಿನ ಮುಂದೆ ಮಾತಾಡಿದ ಹಾಗೆ ಪಿಕಪ್ಪಿನ ಮುಂದೆ ಮಾತಾಡಿದರೆ ಪ್ರಯೋಜನವಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮೇಲಿರುವ ಎರಡು ಬೆರಳಗಲದ ತಂತಿಯ ಓಲಾಟ ಮಾತ್ರ. ಹಾಗಾಗಿ ಯಾವ ಜಾಗದ ಓಲಾಟ ಅನ್ನುವುದು ಬಹಳ ಮುಖ್ಯವಾಗುತ್ತದೆ. ಬ್ರಿಡ್ಜಿನ, ಅಂದರೆ ಗಿಟಾರಿನ ಕುದುರೆಯ, ಹತ್ತಿರ ತಂತಿ ಬಿಗಿದುಕೊಂಡಿರುತ್ತದೆ, ಮೂಲಸ್ವರದ ದೊಡ್ಡ ಓಲಾಟ ಅಲ್ಲಿಲ್ಲ. ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಅನುಸ್ವರಗಳೇ ಎದ್ದು ಕೇಳುತ್ತವೆ. ದನಿ ತೆಳು, ಚೂಪು. ಕುತ್ತಿಗೆಯ ಕಡೆಗೆ ಬಂದಂತೆ ಓಲಾಟ ಅಗಲವಾಗುತ್ತದೆ, ದನಿ ದುಂಡಗಾಗುತ್ತದೆ. ಸ್ಟ್ರಾಟೊಕಾಸ್ಟರಿನ ಕುತ್ತಿಗೆಯ ಪಿಕಪ್ ಕೂತಿರುವುದು ಸರಿಸುಮಾರು ತಂತಿಯ ಕಾಲುಭಾಗದ ಜಾಗದಲ್ಲಿ. ಬಿಟ್ಟ ತಂತಿಯನ್ನು ಮೀಟಿದಾಗ ನಾಲ್ಕನೆಯ ಅನುಸ್ವರ ಅಲ್ಲಿ ಅಲುಗುವುದೇ ಇಲ್ಲ, ಆದ್ದರಿಂದ ಪಿಕಪ್ಪಿಗೆ ಅದು ಸಿಗುವುದಿಲ್ಲ. ಆ ಟೊಳ್ಳು ಮಾಧುರ್ಯಕ್ಕೆ ಈ ಗೈರುಹಾಜರಿಯೂ ಒಂದು ಕಾರಣ.

ಒಬ್ಬ ಹುಡುಗ ಬಂದಿದ್ದ. ಎಂಜಿನಿಯರಿಂಗ್ ಕೊನೆಯ ವರ್ಷ. ಮೂರು ತಿಂಗಳು ಟ್ಯೂಷನ್ ಹೇಳಿ ದುಡ್ಡು ಕೂಡಿಸಿಟ್ಟಿದ್ದನಂತೆ.

“ಸರ್, ಇದರ ಪಿಕಪ್ ತೆಗೆದು ಬೇರೆ ಹಾಕಿಕೊಡಿ. ದಪ್ಪ ತಂತಿಯನ್ನ ಮೇಲಿನ ಫ್ರೆಟ್‌ಗಳಲ್ಲಿ ಬಾರಿಸಿದ್ರೆ ಒಂದೇ ಸ್ವರ ಎರಡೆರಡಾಗಿ ಕೇಳತ್ತೆ. ಒಂಥರಾ ಅಳು.”

“ಇದನ್ನ ಯಾರು ಸೆಟಪ್ ಮಾಡಿದ್ದಪ್ಪಾ?”

“ನಾನೇ ಸರ್. ಸದ್ದು ಜಾಸ್ತಿ ಬರಲಿ ಅಂತ ಪಿಕಪ್ಪನ್ನ ತಂತಿ ಹತ್ತಿರಕ್ಕೆ ಏರಿಸಿದೆ.”

ಅಯಸ್ಕಾಂತ ತಂತಿಗೆ ಅತಿ ಹತ್ತಿರ ಬಂದರೆ ತಂತಿಯನ್ನು ಹಿಡಿದೆಳೆಯುತ್ತದೆ. ತಂತಿಯನ್ನು ತನ್ನಷ್ಟಕ್ಕೆ ಓಲಾಡಲು ಬಿಡುವುದಿಲ್ಲ. ಸ್ವರ ನಡುಗುತ್ತದೆ, ಬೇಗ ಸಾಯುತ್ತದೆ. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಪಿಕಪ್ಪಿನ ಎರಡು ಬದಿಯ ಸ್ಕ್ರೂಗಳನ್ನು ಒಂದೂವರೆ ಸುತ್ತು, ಎರಡು ಸುತ್ತು ಇಳಿಸಿ ಕೊಟ್ಟೆ. ಅವನು ನುಡಿಸಿದ. ಇನ್ನೊಂದು ಸಲ ನುಡಿಸಿದ. “ಅಷ್ಟೇನಾ ಸರ್?” ಅಂದ. “ಅಷ್ಟೇ ಕಣಪ್ಪಾ. ದುಡ್ಡು ಇಟ್ಕೋ, ಒಳ್ಳೆ ತಂತಿ ತಗೋ” ಅಂದೆ. ಆ ಹುಡುಗನ ಮುಖ ನನಗೆ ಮರೆಯುವುದಿಲ್ಲ.

ಹಾಗಂತ ಪಿಕಪ್ ಬದಲಿಸುವುದೇ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಗಿಟಾರಿನ ದನಿಯನ್ನು ಬುಡಸಮೇತ ಬದಲಿಸುವ ಭಾಗ ಅದೊಂದೇ. ಸುತ್ತು ಹೆಚ್ಚಾದಷ್ಟೂ ಸದ್ದು ಬಲವಾಗುತ್ತದೆ, ಆದರೆ ಚೂಪು ಕಡಿಮೆಯಾಗಿ ನಡುದನಿ ದಪ್ಪವಾಗುತ್ತದೆ. ಪ್ರತಿಯೊಂದು ಸುರುಳಿಗೂ ತನ್ನದೇ ಒಂದು ಇಷ್ಟದ ಎತ್ತರ ಇರುತ್ತದೆ. ಆ ಎತ್ತರದ ಸ್ವರಾಂಶಗಳನ್ನು ಅದು ಎತ್ತಿ ಹಿಡಿಯುತ್ತದೆ, ಅದಕ್ಕಿಂತ ಮೇಲಿನದನ್ನು ಕೈಬಿಡುತ್ತದೆ. ಒಂಟಿ ಸುರುಳಿಯ ಪಿಕಪ್ಪಿಗೆ ಕೇಬಲ್ ಸೇರಿಸಿದ ಮೇಲೆ ಈ ಎತ್ತರ ಮೂರು ನಾಲ್ಕು ಸಾವಿರ ಹರ್ಟ್ಸಿನ ಸುತ್ತಮುತ್ತ ಇರುತ್ತದೆ. ಕೇಬಲ್ ಅಂದೆ. ಹೌದು, ಕೇಬಲ್ಲೂ ಒಂದು ಕೆಪಾಸಿಟರೇ. ಉದ್ದವಾದಷ್ಟೂ ಅದು ದನಿಯ ಚೂಪನ್ನು ಕುಡಿಯುತ್ತದೆ. ಮೂರು ಮೀಟರಿನ ಕೇಬಲ್ ತೆಗೆದು ಹತ್ತು ಮೀಟರಿನದು ಹಾಕಿ, ಗಿಟಾರನ್ನು ಮುಟ್ಟದೆಯೇ ಅದರ ದನಿ ಮೆತ್ತಗಾಗುತ್ತದೆ. ಗಿಟಾರುಗಾರ ಜಿಮಿ ಹೆಂಡ್ರಿಕ್ಸ್ ಬಳಸುತ್ತಿದ್ದ ಹಳೆಯ ಟೆಲಿಫೋನಿನ ವಯರಿನಂಥ ಸುರುಳಿ ಕೇಬಲ್ ಅವರ ದನಿಯ ಒಂದು ಅಂಗವೇ ಆಗಿತ್ತು.

ಒಂಟಿ ಸುರುಳಿಗೆ ಒಂದು ಕಾಯಿಲೆ ಇದೆ, ಗುಂಯ್‌ಗುಡುವಿಕೆ. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಗೋಡೆಯೊಳಗಿನ ವಯರು ಎಲ್ಲದರ ಕಾಂತಕ್ಷೇತ್ರವನ್ನೂ ಅದು ಹಿಡಿಯುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದರು. ಪಕ್ಕಪಕ್ಕ ಎರಡು ಸುರುಳಿ ಇಟ್ಟು, ಒಂದರ ಅಯಸ್ಕಾಂತದ ದಿಕ್ಕನ್ನೂ ಸುತ್ತಿನ ದಿಕ್ಕನ್ನೂ ತಿರುಗಿಸಿದರು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಅನ್ನುವ ಹೆಸರು ಬಂದದ್ದು ಈ ಗುಣದಿಂದ. ಅದರ ದನಿ ದಪ್ಪ, ಅಂಚು ಮೃದು. ಅದೂ ಚೆಂದ, ಇದೂ ಚೆಂದ. ಬೇವಿನ ಹೂವಿಗೂ ಹೊಂಗೆಯ ಹೂವಿಗೂ ಇರುವಷ್ಟು ಅಂತರ.

ಪಿಕಪ್ಪಿನಿಂದ ಮುಂದೆ ಗುಂಡಿಗಳು, ಅವುಗಳ ಅಡಿಯಲ್ಲಿ ತಿರುಗಿಸುವ ರೋಧಕ, ಅಂದರೆ ಪಾಟ್. ಒಂಟಿ ಸುರುಳಿಯವಕ್ಕೆ 250 ಕಿಲೊ-ಓಮಿನ ಪಾಟ್, ಹಂಬಕರಿಗೆ 500 ಕಿಲೊ-ಓಮಿನದು ಅನ್ನುವುದು ರೂಢಿ. ಹಂಬಕರಿಗೆ ತಪ್ಪಿ 250ರದು ಹಾಕಿದರೆ ದನಿ ಮಂಕು. ಒಂಟಿ ಸುರುಳಿಗೆ 500ರದು ಹಾಕಿದರೆ ಕಿವಿ ಕೊರೆಯುತ್ತದೆ. ‘ನನ್ನ ಗಿಟಾರ್ ಸತ್ತುಹೋಗಿದೆ’ ಅಂತ ಬಂದವರ ಎಷ್ಟೋ ಗಿಟಾರುಗಳಲ್ಲಿ ಹಿಂದೆ ಯಾರೋ ಅವಸರದಲ್ಲಿ ಹಾಕಿದ ತಪ್ಪು ಪಾಟ್ ಇತ್ತು. ಇನ್ನು ಟೋನ್ ಕೆಪಾಸಿಟರಿನ ಬಗ್ಗೆ ಹರಡಿರುವ ನಂಬಿಕೆಗಳು ಬಹಳ. ಎಣ್ಣೆಯಲ್ಲಿ ನೆನೆಸಿದ ಕಾಗದದ ಹಳೆಯ ಕೆಪಾಸಿಟರಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಅದೇ ಅಳತೆಯ, ಅಂದರೆ 0.022 ಅಥವಾ 0.047 ಮೈಕ್ರೊಫ್ಯಾರಡಿನ ಸಾಧಾರಣ ಕೆಪಾಸಿಟರಿಗೂ ಅದಕ್ಕೂ ಗಿಟಾರಿನೊಳಗೆ ನನ್ನ ಕಿವಿ ವ್ಯತ್ಯಾಸ ಕಂಡಿಲ್ಲ. ಗುಂಡಿ ಇಳಿಸಿದಾಗ 0.022ಕ್ಕೂ 0.047ಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಯಾರ ಕಿವಿ ಬೇಕಾದರೂ ಹಿಡಿಯುತ್ತದೆ. ಅಳತೆ ಮುಖ್ಯ, ವಂಶ ಮುಖ್ಯವಲ್ಲ.

ಮರದ ವಿಷಯಕ್ಕೆ ಬಂದರೆ ವಾದ ಬಿಸಿಯಾಗುತ್ತದೆ. ಗಟ್ಟಿ ಮೈಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರ ದನಿಗೆ ಕೊಡುವುದು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಅನ್ನುವವರ ಪಕ್ಷ ನನ್ನದು. 1940ರ ಸುಮಾರಿಗೆ ಲೆಸ್ ಪಾಲ್ ಅನ್ನುವ ವಾದ್ಯಗಾರರು ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಕೂತು ನಾಲ್ಕಿಂಚು ದಪ್ಪದ ಪೈನ್ ತೊಲೆಗೆ ಕುತ್ತಿಗೆ, ತಂತಿ, ಪಿಕಪ್ ಕೂರಿಸಿದರು. ದನಿ ಅವರಿಗೆ ಬೇಕಾದ ಹಾಗೆಯೇ ಬಂತು. ಕೇಳಿದವರು ಮಾತ್ರ ಆ ತೊಲೆಯನ್ನು ಒಪ್ಪಲಿಲ್ಲ. ಲೆಸ್ ಪಾಲ್ ಒಂದು ಗಿಟಾರಿನ ಮೈಯನ್ನು ಸೀಳಿ ಎರಡೂ ಬದಿಗೆ ರೆಕ್ಕೆಯಂತೆ ಅಂಟಿಸಿದ ಮೇಲೆ ಜನಕ್ಕೆ ಇಷ್ಟವಾಯಿತು. ರೆಕ್ಕೆ ದನಿಗಾಗಿ ಬಂದದ್ದಲ್ಲ, ಕಣ್ಣಿಗಾಗಿ ಬಂದದ್ದು.

ಇನ್ನೊಂದು ಗಿಟಾರು ನನಗೆ ಬಹಳ ಪ್ರೀತಿಯದು. 1963ರಲ್ಲಿ ಲಂಡನ್ ಬಳಿ ಹೈಸ್ಕೂಲು ಓದುತ್ತಿದ್ದ ಹುಡುಗನೊಬ್ಬನಿಗೆ ಒಳ್ಳೆಯ ಗಿಟಾರು ಕೊಳ್ಳಲು ಕಾಸಿರಲಿಲ್ಲ. ಅಪ್ಪ ಎಲೆಕ್ಟ್ರಾನಿಕ್ಸ್ ಎಂಜಿನಿಯರು. ಅಪ್ಪ ಮಗ ಸೇರಿ ಸುಮಾರು ಎರಡು ವರ್ಷ ಕೂತು ಒಂದನ್ನು ಮಾಡಿದರು. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರ. ಅದರಲ್ಲಿ ಹುಳ ಕೊರೆದ ತೂತುಗಳನ್ನು ಬೆಂಕಿಕಡ್ಡಿ ತುರುಕಿ ಮುಚ್ಚಿದರು. ತಂತಿಯನ್ನು ನಡುಗಿಸುವ ಟ್ರೆಮೊಲೊಗೆ ಹಳೆಯ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಅದರ ಹಿಡಿಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿ, ಫ್ರೆಟ್ ಗುರುತುಗಳಿಗೆ ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತುಚಿಪ್ಪಿನ ಗುಂಡಿ. ಆ ಹುಡುಗ ಬ್ರಯಾನ್ ಮೇ. ಮುಂದೆ ಕ್ವೀನ್ ತಂಡದ ಬಹುಪಾಲು ಹಾಡುಗಳಲ್ಲಿ ಆ ಗಿಟಾರೇ ಮೊಳಗಿತು. 2002ರಲ್ಲಿ ಬಕಿಂಗ್‌ಹ್ಯಾಂ ಅರಮನೆಯ ಚಾವಣಿಯ ಮೇಲೆ ನಿಂತು ಅವರು ನುಡಿಸಿದ್ದೂ ಅದನ್ನೇ. ಅಗ್ಗಿಷ್ಟಿಕೆಯ ಮರದ ಕತೆ ಕೇಳಿ ಎಲ್ಲರೂ ಆ ದನಿ ಮರದ್ದೇ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದರ ಗುಟ್ಟು ವಯರಿಂಗಿನಲ್ಲಿದೆ. ಸಾಮಾನ್ಯವಾಗಿ ಗಿಟಾರಿನ ಪಿಕಪ್ಪುಗಳನ್ನು ಸಮಾನಾಂತರವಾಗಿ ಜೋಡಿಸುತ್ತಾರೆ. ಇದರಲ್ಲಿ ಮೂರನ್ನೂ ಸರಣಿಯಾಗಿ, ಹೂಮಾಲೆಯ ಹಾಗೆ ಒಂದರ ಹಿಂದೊಂದು ಪೋಣಿಸಿದ್ದಾರೆ. ಪ್ರತಿ ಪಿಕಪ್ಪಿಗೂ ಒಂದು ಸ್ವಿಚ್ಚು, ಅದರ ದಿಕ್ಕು ತಿರುಗಿಸಲು ಇನ್ನೊಂದು. ಎರಡು ಪಿಕಪ್ ಸರಣಿಯಲ್ಲಿ ಕೂಡಿದಾಗ ದನಿ ಕೊಬ್ಬುತ್ತದೆ. ಒಂದನ್ನು ತಿರುಗಿಸಿದರೆ ಮೂಲಸ್ವರ ಕರಗಿ ಮೂಗಿನಿಂದ ಹಾಡಿದಂಥ ಚೂಪು ಉಳಿಯುತ್ತದೆ. ಅಪ್ಪನ ಎಲೆಕ್ಟ್ರಾನಿಕ್ಸ್ ಜ್ಞಾನ ಮಗನ ಕೈಗೆ ಹದಿಮೂರು ಬಗೆಯ ದನಿ ಕೊಟ್ಟಿತು.

ಮರಕ್ಕೆ ನಾನು ಗೌರವ ಕೊಡುವುದಿಲ್ಲ ಅಂತ ಭಾವಿಸಬೇಡಿ. ಲೋಕದ ಎಷ್ಟೋ ಗಿಟಾರುಗಳ ಬೆರಳುಹಲಗೆ ನಮ್ಮ ಪಶ್ಚಿಮ ಘಟ್ಟದ ಸೀಮೆಯ ಬೀಟೆ ಮರದ್ದು. ಬ್ರೆಜಿಲಿನ ಬೀಟೆ ವಿರಳವಾದ ಮೇಲೆ ಗಿಟಾರ್ ತಯಾರಕರು ಭಾರತದ ಬೀಟೆಯ ಕಡೆಗೆ ತಿರುಗಿದರು. ಮಲೆನಾಡಿನಲ್ಲಿ ಬೆಳೆದವರಿಗೆ ಗೊತ್ತು, ಅದು ಎಷ್ಟು ನಿಧಾನವಾಗಿ ಬೆಳೆಯುವ ಮರ ಅಂತ. 2017ರಿಂದ ಆ ಇಡೀ ಕುಲದ ಮರಗಳ ಸಾಗಾಟಕ್ಕೆ ಅಂತಾರಾಷ್ಟ್ರೀಯ ಕಟ್ಟುಪಾಡು ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ಸಡಿಲಿಕೆ ಸಿಕ್ಕಿತು. ದನಿ ಬದಲಾದೀತು ಅನ್ನುವ ಆಸೆಗೆ ಚೆನ್ನಾಗಿರುವ ಬೀಟೆ ಹಲಗೆಯ ಕುತ್ತಿಗೆಯನ್ನು ಕಿತ್ತುಹಾಕಲು ಯಾರಾದರೂ ತಂದರೆ ನಾನು ಮಾಡುವುದಿಲ್ಲ. ಅದೊಂದು ಕೆಲಸಕ್ಕೆ ನನ್ನ ಕೈ ಬರುವುದಿಲ್ಲ.

ಮೇಣದ ಮಾತು ಮೊದಲೇ ಬಂತು, ಅದನ್ನು ಮುಗಿಸುತ್ತೇನೆ. ಎಡ್ಡಿ ವ್ಯಾನ್ ಹೇಲನ್ ಎಂಬ ಗಿಟಾರುಗಾರರಿಗೆ ಫೆಂಡರಿನ ಮೈಕಟ್ಟು, ಗಿಬ್ಸನ್ನಿನ ದನಿ ಎರಡೂ ಬೇಕಿತ್ತು. ಅಂಥ ಗಿಟಾರು ಅಂಗಡಿಯಲ್ಲಿರಲಿಲ್ಲ. ಐವತ್ತು ಡಾಲರಿಗೆ ಒಂದು ಕುಂದುಳ್ಳ ಮೈ, ಎಂಬತ್ತು ಡಾಲರಿಗೆ ಒಂದು ಕುತ್ತಿಗೆ ತಂದರು. ಹಳೆಯ ಗಿಬ್ಸನ್ನಿನಿಂದ ಹಂಬಕರ್ ಕಿತ್ತು, ಮರ ಕೊರೆದು ಇದಕ್ಕೆ ಕೂರಿಸಿದರು. ಟೋನ್ ಗುಂಡಿಯೇ ಬೇಡ ಅಂತ ತೆಗೆದು ಒಂದೇ ಗುಂಡಿ ಉಳಿಸಿದರು. ಆದರೆ ಆಂಪನ್ನು, ಅಂದರೆ ಸದ್ದು ಹಿಗ್ಗಿಸುವ ಪೆಟ್ಟಿಗೆಯನ್ನು, ಪೂರ್ತಿ ಏರಿಸಿದರೆ ಪಿಕಪ್ ಕಿರುಚುತ್ತಿತ್ತು. ಸುರುಳಿಯ ಸಡಿಲ ಎಳೆಗಳು ಆ ಭಾರಿ ಸದ್ದಿಗೆ ತಾವೇ ನಡುಗಿ, ಆ ನಡುಕವೇ ಮತ್ತೆ ಆಂಪಿಗೆ ಹೋಗಿ ಸುತ್ತುತ್ತದೆ. ಅವರು ಮೇಣ ಕರಗಿಸಿ ಪಿಕಪ್ಪನ್ನು ಅದರಲ್ಲಿ ಮುಳುಗಿಸಿದರು. ಮೇಣ ಎಳೆಗಳ ಸಂದಿಗೆ ಇಳಿದು ಹೆಪ್ಪುಗಟ್ಟಿತು, ಕಿರುಚಾಟ ನಿಂತಿತು. 1978ರ ಅವರ ಮೊದಲ ಆಲ್ಬಮ್ಮಿನಲ್ಲಿ ಕೇಳುವುದು ಆ ಜೋಡಣೆಯ ದನಿ. 2019ರಲ್ಲಿ ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ನನ್ನ ಕೋಣೆಯಲ್ಲೂ ಒಂದು ಪುಟ್ಟ ಪಾತ್ರೆ ಇದೆ, ಪ್ಯಾರಾಫಿನ್ನಿಗೆ ಸ್ವಲ್ಪ ಜೇನುಮೇಣ ಬೆರೆಸಿಟ್ಟದ್ದು. 65 ಡಿಗ್ರಿಯ ಸುತ್ತಮುತ್ತ ಕಾಯಬೇಕು. ನೇರ ಉರಿಯ ಮೇಲೆ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ, ಬಿಸಿನೀರಿನ ಪಾತ್ರೆಯೊಳಗೇ ಇಡಬೇಕು. ಮನೆಯಲ್ಲಿ ಪ್ರಯತ್ನಿಸುವ ಮಕ್ಕಳು ಇದನ್ನು ದಯವಿಟ್ಟು ನೆನಪಿಡಿ. ಮೇಣ ಕರಗುವಾಗ ಏಳುವ ಆ ವಾಸನೆಗೆ ನನಗೆ ಮೇಳ ಕಟ್ಟುವವರು ಮನೆಗೆ ಬಂದ ದಿನಗಳು ನೆನಪಾಗುತ್ತವೆ.

ನಮ್ಮ ಸಂಗೀತಕ್ಕೂ ಈ ತಿದ್ದುಪಡಿಗೂ ನೇರ ನಂಟುಂಟು. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರು ಎಂಟು ತಂತಿಗಳ ನಾಲ್ಕು ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು. ಜೋಡಿ ತಂತಿಯನ್ನು ಗಮಕಕ್ಕೆ ಎಳೆಯುವುದು ಕಷ್ಟ, ಸ್ವರವೂ ಉಳಿಯುವುದಿಲ್ಲ; ಪಿಕಪ್ಪು ಸ್ವರವನ್ನು ಉಳಿಸಿಕೊಟ್ಟಿತು. ವೀಣೆ ಕಲಿತ ಗಿಟಾರುಗಾರ ಜಾನ್ ಮೆಕ್‌ಲಾಫ್ಲಿನ್ ತಮ್ಮ ಶಕ್ತಿ ತಂಡಕ್ಕಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ದೋಣಿಯಂತೆ ತೋಡಿಸಿದರು. ಬೆರಳು ಮರಕ್ಕೆ ತಾಗದಿದ್ದರೆ ತಂತಿ ವೀಣೆಯಲ್ಲಿ ಬಂದ ಹಾಗೆ ಎಳೆದತ್ತ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಎರಡು ಬೇಸ್ ಗಿಟಾರುಗಳ ಕತೆಗೆ ಬರಲು. ಎರಡೂ ಫೆಂಡರ್, ಎರಡೂ 1962ರವು.

ಮೊದಲನೆಯದು ಜಾಝ್ ಬೇಸ್. ಫ್ಲಾರಿಡಾದಲ್ಲಿ ಬೆಳೆದ ಜಾಕೊ ಪಾಸ್ಟೋರಿಯಸ್ ಅವರದು. ಫ್ರೆಟ್‌ಗಳನ್ನೆಲ್ಲ ಬೆಣ್ಣೆ ಹಚ್ಚುವ ಚಾಕುವಿನಿಂದ ಕಿತ್ತೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕಿತ್ತ ಗೀರುಗಳಿಗೆ ಪುಟ್ಟಿ ತುಂಬಿದರು. ಫ್ರೆಟ್ ಇಲ್ಲದ ಬೇಸ್ ಆಗಲೇ ಹೊಸತೇನಲ್ಲ. 1961ರಲ್ಲೇ ಬಿಲ್ ವೈಮನ್ ಅನ್ನುವ ಬೇಸ್ ವಾದಕರು ಒಂದು ಅಗ್ಗದ ಬೇಸಿನ ಸವೆದ ಫ್ರೆಟ್ ಕಿತ್ತು, ಆ ದನಿ ಮೆಚ್ಚಿ ಹಾಗೇ ಉಳಿಸಿಕೊಂಡಿದ್ದರು. ಜಾಕೊ ಅವರ ಹೊಸತನ ಮುಂದಿನ ಹೆಜ್ಜೆಯಲ್ಲಿದೆ. ಅವರಿಗೆ ಬೇಕಿದ್ದದ್ದು ರೌಂಡ್‌ವೌಂಡ್ ತಂತಿ, ಅಂದರೆ ಮೇಲೆ ದುಂಡು ಎಳೆ ಸುತ್ತಿದ ಒರಟು ತಂತಿ. ಅದರ ದನಿ ಗಂಟೆಯಂತೆ ಸ್ಪಷ್ಟ. ಆದರೆ ಆ ಒರಟು ತಂತಿ ಬರಿಯ ಮರದ ಮೇಲೆ ಉಜ್ಜಿದರೆ ಅರದಂತೆ ಮರವನ್ನು ತಿನ್ನುತ್ತದೆ. ಅದಕ್ಕಾಗಿ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಬೆರಳುಹಲಗೆಗೆ ಪದರ ಪದರವಾಗಿ ಬಳಿದರು. ಮರ ಉಳಿಸಲು ಮಾಡಿದ ಈ ಉಪಾಯ ದನಿಗೇ ಹೊಸ ಜನ್ಮ ಕೊಟ್ಟಿತು. ಗಾಜಿನಷ್ಟು ಗಟ್ಟಿಯಾದ ಆ ಮೇಲ್ಮೈಗೆ ತಂತಿ ಸವರುತ್ತ ಓಲಾಡಿದಾಗ ಸ್ವರ ಮೀಟಿದ ಮೇಲೆ ಅರಳುತ್ತದೆ, ಮನುಷ್ಯನ ಗಂಟಲಿನಂತೆ ‘ಮ್ವಾ’ ಎಂದು ಬಾಯಿ ತೆರೆಯುತ್ತದೆ. ಬ್ರಿಡ್ಜಿನ ಪಿಕಪ್ಪನ್ನೇ ಮುಖ್ಯವಾಗಿ ಬಳಸುತ್ತಿದ್ದುದರಿಂದ ಆ ಬಾಯಿಗೆ ಮೂಗೂ ಸೇರಿತು. ವೀಣೆಯ ಪಕ್ಕದಲ್ಲಿ ಗೋಟುವಾದ್ಯ ಕೇಳಿದವರಿಗೆ ಆ ಜಾರುಗಳು ಪರಕೀಯ ಅನ್ನಿಸಲಾರವು. 1976ರಲ್ಲಿ ಅವರ ಹೆಸರಿನದೇ ಆಲ್ಬಂ ಬಂತು, ಅದೇ ವರ್ಷ ವೆದರ್ ರಿಪೋರ್ಟ್ ತಂಡ ಸೇರಿದರು. ಹಿನ್ನೆಲೆಯಲ್ಲಿ ಗುಮ್ಮೆನ್ನುತ್ತಿದ್ದ ವಾದ್ಯ ಹಾಡತೊಡಗಿತು.

ಆಮೇಲಿನ ಕತೆ ಹೇಳುವುದು ಕಷ್ಟ. ಮನಸ್ಸಿನ ಕಾಯಿಲೆ ಅವರನ್ನು ಬೀದಿಗೆ ತಂದಿತು. ಒಮ್ಮೆ ಅವರೇ ಆ ಬೇಸನ್ನು ಒಡೆದು ಚೂರು ಮಾಡಿದರು. ಕುಶಲ ಕೈಗಳು ಚೂರುಗಳನ್ನೆಲ್ಲ ಕೂಡಿಸಿ ಮತ್ತೆ ವಾದ್ಯ ಮಾಡಿದವು. 1986ರಲ್ಲಿ ನ್ಯೂಯಾರ್ಕಿನಲ್ಲಿ ಅದು ಕಳವಾಯಿತು. ಮರುವರ್ಷ ಅವರು ತೀರಿಕೊಂಡರು, ಮೂವತ್ತೈದು ವರ್ಷಕ್ಕೆ. ಇಪ್ಪತ್ತು ವರ್ಷದ ಮೇಲೆ ಬೇಸ್ ಸಿಕ್ಕಿತು. ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಅವರು ನೆರವಾಗಿ ಅದನ್ನು ಉಳಿಸಿಕೊಳ್ಳುವಂತಾಯಿತು.

ಎರಡನೆಯದು ಪ್ರಿಸಿಷನ್ ಬೇಸ್. ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದದ್ದು. ಅರವತ್ತರ ದಶಕದ ಮೋಟೌನ್ ಹಾಡುಗಳಲ್ಲಿ ಕೆಳಗೆ ಓಡುವ ಬೇಸ್ ಬಹುಪಾಲು ಅವರದು. ಆಗ ರೆಕಾರ್ಡ್ ತಟ್ಟೆಗಳ ಮೇಲೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಆ ವಾದ್ಯದಿಂದ ಅವರು ಏನನ್ನೂ ಕೀಳಲಿಲ್ಲ. ಫೆಂಡರ್ ಬೇಸುಗಳ ಬ್ರಿಡ್ಜಿನ ಮೇಲೆ ಒಂದು ಲೋಹದ ಮುಚ್ಚಳ, ಅದರೊಳಗೆ ತಂತಿಗೆ ಒತ್ತುವ ಒಂದು ಸ್ಪಂಜು ಇರುತ್ತಿತ್ತು. ಬಹಳ ಜನ ಆ ಮುಚ್ಚಳ ಕಿತ್ತು ಸಿಗರೇಟಿನ ಬೂದಿ ಕೊಡವಲು ಇಟ್ಟುಕೊಂಡರು. ಜೇಮರ್ಸನ್ ಅದನ್ನು ಅಲ್ಲೇ ಬಿಟ್ಟರು. ಸ್ಪಂಜು ತಂತಿಯ ಉದ್ದನೆಯ ಮೊಳಗನ್ನು ಮೊಟಕು ಮಾಡಿ ಪ್ರತಿ ಸ್ವರಕ್ಕೂ ಮೃದಂಗದ ಎಡದಂಥ ದುಂಡು ಪೆಟ್ಟು ಕೊಡುತ್ತದೆ. ತಂತಿ ದಪ್ಪನೆಯ ಫ್ಲಾಟ್‌ವೌಂಡ್, ಮೇಲೆ ಚಪ್ಪಟೆ ಪಟ್ಟಿ ಸುತ್ತಿದ್ದು. ತುಂಡಾದರೆ ಹೊರತು ಅವರು ಅದನ್ನು ಬದಲಿಸುತ್ತಿರಲಿಲ್ಲವಂತೆ. ವರ್ಷಗಟ್ಟಲೆ ಬೆವರು, ಧೂಳು ಕೂತು ತಂತಿಯ ಮೇಲಿನ ಅನುಸ್ವರಗಳೆಲ್ಲ ಸತ್ತು, ಮೂಲಸ್ವರ ಒಂದೇ ಉಳಿಯುತ್ತಿತ್ತು. ಎರಡು ಗುಂಡಿಗಳೂ ಪೂರ್ತಿ ತೆರೆದೇ ಇರುತ್ತಿದ್ದವು. ಮೀಟುತ್ತಿದ್ದದ್ದು ಬಲಗೈಯ ತೋರುಬೆರಳು ಒಂದೇ. ಆಂಪ್ ಬೇಡ, ನೇರ ರೆಕಾರ್ಡಿಂಗ್ ಮೇಜಿಗೆ ವಯರು. 1971ರಲ್ಲಿ ಬಂದ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹಾಡನ್ನು ಹುಡುಕಿ ಕೇಳಿ. ಹಾಡುಗಾರನ ದನಿಯಿಂದ ಕಿವಿ ತೆಗೆದು ಕೆಳಗಿನ ಬೇಸಿಗೆ ಇಡಿ. ನಾನು ಇಷ್ಟು ಹೊತ್ತು ಹೇಳಿದ್ದು ಅಲ್ಲಿ ಎರಡು ನಿಮಿಷದಲ್ಲಿ ಸಿಗುತ್ತದೆ.

ಒಬ್ಬರು ಮರಕ್ಕೆ ಎಪಾಕ್ಸಿ ಬಳಿದು ಪ್ರತಿ ಸ್ವರವನ್ನೂ ಅರಳಿಸಿದರು. ಇನ್ನೊಬ್ಬರು ಸ್ಪಂಜು ಉಳಿಸಿಕೊಂಡು ಪ್ರತಿ ಸ್ವರವನ್ನೂ ಮುಚ್ಚಿ ಹಿಡಿದರು. ಕಾರ್ಖಾನೆ ಒಂದೇ, ವರ್ಷ ಒಂದೇ. ನನ್ನ ಮೇಜಿನ ಮೇಲಿನ ಗೋಡೆಗೆ ಇಬ್ಬರ ಚಿತ್ರವನ್ನೂ ಹಾಕಿದ್ದೇನೆ.

ಜೇಮರ್ಸನ್ ಅವರು 1983ರ ಆಗಸ್ಟಿನಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಅವರ ಬೇಸೂ ಕಳವಾಯಿತು. ಜಾಕೊ ಅವರದು ಸಿಕ್ಕಿತು, ಇವರದು ಇನ್ನೂ ಸಿಕ್ಕಿಲ್ಲ. ಯಾರ ಮನೆಯ ಅಟ್ಟದ ಮೇಲೋ, ಯಾವ ಮಂಚದ ಕೆಳಗೋ ಇರಬೇಕು. ಇಟ್ಟುಕೊಂಡವರಿಗೆ ಅದು ಯಾರದು ಅಂತ ಗೊತ್ತಿರಲಿಕ್ಕಿಲ್ಲ. ತಂತಿ ಹಳತಾಗಿದೆ ಅಂತ ಕಿತ್ತು ಹೊಸದು ಹಾಕದಿದ್ದರೆ ಸಾಕು.